ಐದಕ್ಕಿಂತ ಕಡಿಮೆ

ನನ್ನ ಕೆಲಸ ಎಣಿಸುವುದು. ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದಿಂದ ಕಾರಿನಲ್ಲಿ ಒಂದೆರಡು ಗಂಟೆ ದೂರದ, ಸುತ್ತಲೂ ಮುಸುಕಿನ ಜೋಳದ ಹೊಲಗಳಿರುವ ಒಂದು ಊರಿನ ಕಾಲೇಜಿನಲ್ಲಿ 2008ರಿಂದ ಎಣಿಸುತ್ತ ಕುಳಿತಿದ್ದೇನೆ. ಈ ವರ್ಷ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಎಷ್ಟು ಮಂದಿ ಎರಡನೆಯ ವರ್ಷಕ್ಕೆ ಉಳಿದರು, ಎಷ್ಟು ಮಂದಿ ನಾಲ್ಕು ವರ್ಷದಲ್ಲಿ ಪದವಿ ಮುಗಿಸಿದರು, ಯಾವ ಜನಾಂಗದವರು ಎಷ್ಟು. ಇವನ್ನೆಲ್ಲ ಎಕ್ಸೆಲ್ ಹಾಳೆಯಲ್ಲಿ ತುಂಬಿ ವರ್ಷಕ್ಕೆ ಮೂರು ಕಂತಿನಲ್ಲಿ ಕೇಂದ್ರ ಸರ್ಕಾರಕ್ಕೆ ಒಪ್ಪಿಸಬೇಕು. ಇಡೀ ಕಾಲೇಜಿನಲ್ಲಿ ಎರಡು ಸಾವಿರ ವಿದ್ಯಾರ್ಥಿಗಳೂ ಇಲ್ಲ. ನಮ್ಮ ಕಡೆಯ ಒಂದು ದೊಡ್ಡ ಜಾತ್ರೆಯಲ್ಲಿ ಊಟದ ಒಂದು ಪಂಕ್ತಿಗೆ ಕೂರುವಷ್ಟು ಜನ.

ನಮ್ಮ ಕಚೇರಿಯಲ್ಲಿ ಒಂದು ನಿಯಮವಿದೆ. ಕೋಷ್ಟಕದ ಯಾವುದೇ ಮನೆಯಲ್ಲಿ ಐದಕ್ಕಿಂತ ಕಡಿಮೆ ಸಂಖ್ಯೆ ಬಂದರೆ ಅದನ್ನು ತೋರಿಸಬಾರದು. ಅದರ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಬೇಕು. ‘ರಸಾಯನಶಾಸ್ತ್ರ ವಿಭಾಗದ ಕಪ್ಪು ವರ್ಣೀಯ ವಿದ್ಯಾರ್ಥಿನಿಯರು: 2’ ಎಂದು ಬರೆದು, ಪಕ್ಕದಲ್ಲಿ ‘ಅನುತ್ತೀರ್ಣ: 1’ ಎಂದು ಬರೆದರೆ ಆ ಒಬ್ಬಳು ಯಾರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಯನ್ನು ಕಾಯುವ ಕಾನೂನು ಇಲ್ಲಿ 1974ರಿಂದ ಇದೆ. ನಕ್ಷತ್ರ ಆ ಕಾನೂನಿನ ಕಾವಲುಗಾರ. ಹನ್ನೆರಡು ವರ್ಷ ನಾನು ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದೆ, ಅದರ ಬಗ್ಗೆ ಒಮ್ಮೆಯೂ ಯೋಚಿಸಲಿಲ್ಲ.

2020ರ ಮೇ 25ರಂದು ಮಿನಿಯಾಪೊಲಿಸ್‌ನ ಬೀದಿಯಲ್ಲಿ ಬಿಳಿಯ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿಯಲ್ಲಿ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಪ್ರಾಣ ಬಿಟ್ಟರು. ಜಗತ್ತಿಗೆ ಅದು ಟಿವಿಯಲ್ಲಿ ಕಂಡ ನಗರ. ನನಗೆ ಸೋನಾ ಮಸೂರಿ ಅಕ್ಕಿ, ಕರಿಬೇವು ತರಲು ತಿಂಗಳಿಗೊಮ್ಮೆ ಹೋಗುವ ನಗರ. ಕೊರೊನಾದಿಂದಾಗಿ ಕಾಲೇಜು ಖಾಲಿಯಾಗಿತ್ತು, ನಾವೆಲ್ಲ ಮನೆಯ ಅಡುಗೆಮನೆ ಮೇಜಿನಿಂದ ಕೆಲಸ ಮಾಡುತ್ತಿದ್ದೆವು. ಜೂನ್ ಮೊದಲ ವಾರ ಕಾಲೇಜಿನ ಅಧ್ಯಕ್ಷರ ಪತ್ರ ಬಂತು. ಆ ತಿಂಗಳು ಅಮೆರಿಕದ ಕಾಲೇಜುಗಳು ಸಾಲಾಗಿ ಇಂಥ ಪತ್ರ ಬರೆದವು. ಹತ್ತು ಪತ್ರಗಳ ತಲೆಬರಹ ಕತ್ತರಿಸಿ ಕಲೆಸಿದರೆ ಯಾವುದು ಯಾರದ್ದೆಂದು ಬರೆದವರಿಗೂ ತಿಳಿಯದು. ದುಃಖ, ಆತ್ಮಾವಲೋಕನ, ಬದ್ಧತೆ.

ನಮ್ಮ ಕಪ್ಪು ವರ್ಣೀಯ ವಿದ್ಯಾರ್ಥಿಗಳು ಮೂರು ದಿನ ಬಿಟ್ಟು ಅದಕ್ಕೆ ಉತ್ತರವಾಗಿ ಬೇಡಿಕೆಗಳ ಒಂದು ಪಟ್ಟಿ ಕಳುಹಿಸಿದರು. ತಮ್ಮಂಥ ಅಧ್ಯಾಪಕರು ಹೆಚ್ಚಬೇಕು, ರಾತ್ರಿ ಗ್ರಂಥಾಲಯದಿಂದ ಹೊರಬರುವಾಗ ತಮ್ಮನ್ನು ಮಾತ್ರ ತಡೆದು ಗುರುತಿನ ಚೀಟಿ ಕೇಳುವುದು ನಿಲ್ಲಬೇಕು, ತಮಗಾಗಿ ಒಂದು ಮನೆ ಬೇಕು, ಹೀಗೆ. ಕೊನೆಯ ಬೇಡಿಕೆ: ‘ಈ ಊರಿನಲ್ಲಿ ನಮ್ಮ ಕೂದಲು ಕತ್ತರಿಸಬಲ್ಲವರು ಯಾರೂ ಇಲ್ಲ. ಅದಕ್ಕೊಂದು ವ್ಯವಸ್ಥೆ ಆಗಬೇಕು.’ ಅದನ್ನು ಓದಿ ನನಗೆ ನಗು ಬಂತು. ಮುನ್ನೂರು ವರ್ಷದ ಅನ್ಯಾಯದ ಮಾತಿನ ನಡುವೆ ಕ್ಷೌರದಂಗಡಿ!

ಸಮಿತಿಯಾಯಿತು. ಹನ್ನೊಂದು ಮಂದಿ. ನನ್ನನ್ನು ಕರೆದದ್ದು ಅಂಕಿ ಅಂಶಕ್ಕೆ ಎಂದುಕೊಂಡಿದ್ದೆ. ಡೀನ್ ಫೋನಿನಲ್ಲಿ ಸ್ವಲ್ಪ ತಡವರಿಸಿ, “ನಿಮ್ಮ ಬದುಕಿನ ಅನುಭವವೂ ನಮಗೆ ಬೇಕು” ಎಂದರು. ಅಂದರೆ ಮೈಬಣ್ಣವೂ ಲೆಕ್ಕಕ್ಕೆ ಬಂದಿತ್ತು. ನನಗೆ ಬೇಸರವಾಗಲಿಲ್ಲ. ಆದರೆ ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಗದ್ದೆ, ತೋಟ ಇದ್ದ ಒಕ್ಕಲಿಗರ ಮನೆಯ ಮಗಳು ನಾನು. ಬಣ್ಣದ ಹೆಸರಿನಲ್ಲಿ ನೊಂದವರ ಸಾಲಿನಲ್ಲಿ ಕುರ್ಚಿ ಹಾಕಿದರೆ ಕೂರಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಅಲ್ಲದೆ ನಾನು ‘ಏಷ್ಯನ್’ ಆಗಿ ಎರಡೇ ವರ್ಷವಾಗಿತ್ತು. ಇದು ತಮಾಷೆಯಲ್ಲ. ಇಲ್ಲಿನ ಸರ್ಕಾರಿ ಕೋಷ್ಟಕದಲ್ಲಿ ವೀಸಾ ಮೇಲೆ ಇರುವವರಿಗೆ ಜನಾಂಗವೇ ಇಲ್ಲ. ನೈಜೀರಿಯದವನಿರಲಿ, ನಾರ್ವೆಯವಳಿರಲಿ, ನಂಜನಗೂಡಿನವನಿರಲಿ, ಎಲ್ಲರೂ ‘ಅನಿವಾಸಿ’ ಎಂಬ ಒಂದೇ ಮನೆಯಲ್ಲಿ. ಹತ್ತು ವರ್ಷ ನಾನೂ ಆ ಮನೆಯಲ್ಲಿದ್ದೆ. 2018ರಲ್ಲಿ ಗ್ರೀನ್ ಕಾರ್ಡ್ ಬಂತು. ನನ್ನನ್ನು ನಾನೇ ಆ ಮನೆಯಿಂದ ತೆಗೆದು ಪಕ್ಕದ ಮನೆಗೆ ಹಾಕಿಕೊಂಡೆ.

ಮೊದಲ ಕೆಲವು ತಿಂಗಳು ಮಾತೇ ಮಾತು. ಹೆಚ್ಚಿನದನ್ನು ಇಲ್ಲಿ ಬರೆಯುವುದಿಲ್ಲ; ಸಮಿತಿ ಎಂಬುದು ಹಾಸನದಲ್ಲಾದರೂ ಒಂದೇ, ಮಿನೆಸೋಟದಲ್ಲಾದರೂ ಒಂದೇ. ‘ಸಮಾನತೆ’ ಎನ್ನಬೇಕೋ ‘ಸಮತೆ’ ಎನ್ನಬೇಕೋ ಎಂಬುದಕ್ಕೆ ಎರಡು ಸಭೆ ಹೋದವು. ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿ ಕೊಡುವುದು ಮೊದಲನೆಯದು, ಅವರವರ ಕಾಲಿಗೆ ಹೊಂದುವುದನ್ನು ಕೊಡುವುದು ಎರಡನೆಯದು ಎಂದು ಯಾರೋ ವಿವರಿಸಿದರು. ನಮ್ಮ ಸಮಾಜಶಾಸ್ತ್ರದ ಪ್ರಾಧ್ಯಾಪಕರು, ಇಡೀ ಕಾಲೇಜಿನಲ್ಲಿದ್ದ ಬೆರಳೆಣಿಕೆಯ ಕಪ್ಪು ವರ್ಣೀಯ ಅಧ್ಯಾಪಕರಲ್ಲಿ ಒಬ್ಬರು, “ಚಪ್ಪಲಿ ಹೊಲಿಯುವವರು ಯಾರು?” ಎಂದು ಮಾತ್ರ ಕೇಳಿ ಸುಮ್ಮನಾದರು. ಅದು ಅವರ ನಾಲ್ಕನೆಯ ಸಮಿತಿ. ಶೋಧನಾ ಸಮಿತಿಯಲ್ಲಿ ಅವರು, ಶಿಸ್ತು ಸಮಿತಿಯಲ್ಲಿ ಅವರು, ಕಣ್ಣೀರಿಟ್ಟುಕೊಂಡು ಬರುವ ಮಕ್ಕಳ ಪಾಲಿಗೆ ರಾತ್ರಿ ಹತ್ತಕ್ಕೂ ಅವರೇ. ಬಿಳಿಯರಲ್ಲದ ಅಧ್ಯಾಪಕರ ಮೇಲೆ ಬೀಳುವ ಈ ಹೊರೆಗೆ ಮನಃಶಾಸ್ತ್ರಜ್ಞ ಅಮಾಡೊ ಪಡಿಲ್ಲಾ 1994ರಲ್ಲಿಯೇ ‘ಸಾಂಸ್ಕೃತಿಕ ತೆರಿಗೆ’ ಎಂದು ಹೆಸರಿಟ್ಟಿದ್ದಾರೆ. ನಮ್ಮ ಅಜ್ಜಿ ಇದ್ದಿದ್ದರೆ ಬಿಟ್ಟಿ ಚಾಕರಿ ಎನ್ನುತ್ತಿದ್ದರು.

ಪ್ರತಿ ಸಭೆಯ ಆರಂಭದಲ್ಲಿ ಒಂದು ಹೇಳಿಕೆ ಓದುವ ಪದ್ಧತಿ ಶುರುವಾಯಿತು. ‘ನಾವು ಕುಳಿತಿರುವ ಈ ನೆಲ ಡಕೋಟ ಜನರದ್ದು.’ ನಿಜ. ಈ ಮೂಲನಿವಾಸಿಗಳಿಗೂ ಅಮೆರಿಕದ ಸರ್ಕಾರಕ್ಕೂ ನಡೆದ 1862ರ ಯುದ್ಧದ ನಂತರ ಇದೇ ರಾಜ್ಯದ ಮಂಕೇಟೊ ಊರಿನಲ್ಲಿ, ಡಿಸೆಂಬರ್ 26ರಂದು, 38 ಮಂದಿ ಡಕೋಟ ಗಂಡಸರನ್ನು ಒಂದೇ ವೇದಿಕೆಯ ಮೇಲೆ ಗಲ್ಲಿಗೇರಿಸಿದರು. ಆಮೇಲೆ ಉಳಿದವರನ್ನು ರಾಜ್ಯದಿಂದಲೇ ಹೊರಹಾಕಿದರು. ಒಮ್ಮೆ ಆ ಸಮುದಾಯದ ಹಿರಿಯರೊಬ್ಬರನ್ನು ಅತಿಥಿಯಾಗಿ ಕರೆದಿದ್ದೆವು. ಹೇಳಿಕೆಯನ್ನು ಕೇಳಿಸಿಕೊಂಡು, “ಚೆನ್ನಾಗಿ ಬರೆದಿದ್ದೀರಿ. ನಿಮ್ಮಲ್ಲಿ ಡಕೋಟ ಮಕ್ಕಳು ಎಷ್ಟು ಜನ ಓದುತ್ತಿದ್ದಾರೆ?” ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಹಾಳೆಯಲ್ಲಿ ಆ ಜಾಗದಲ್ಲಿ ನಕ್ಷತ್ರವಿತ್ತು. “ಗೋಪ್ಯತೆಯ ಕಾರಣ ಹೇಳಲಾಗದು” ಎಂದೆ. ಅವರು ನಕ್ಕರು. “ಹಾಗಾದರೆ ನನಗೆ ಗೊತ್ತಾಯಿತು.”

ಆ ಸಂಜೆ ಕುಳಿತು ಬೇರೆ ಚಿಕ್ಕ ಕಾಲೇಜುಗಳ ಚರಿತ್ರೆ ಓದಿದೆ. ಇದೇ ಮಿನೆಸೋಟದ ಪಶ್ಚಿಮದಲ್ಲಿ ಮೋರಿಸ್ ಎಂಬಲ್ಲಿ ರಾಜ್ಯ ವಿಶ್ವವಿದ್ಯಾಲಯದ ಒಂದು ಪುಟ್ಟ ಕಾಲೇಜಿದೆ. ಆ ಜಾಗದಲ್ಲಿ ಹಿಂದೆ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಇಡುತ್ತಿದ್ದ ವಸತಿ ಶಾಲೆ ಇತ್ತು. 1909ರಲ್ಲಿ ಆ ನೆಲ ರಾಜ್ಯದ ಕೈಗೆ ಬಂದಾಗ, ಇಲ್ಲಿ ಮೂಲನಿವಾಸಿಗಳಿಂದ ಶುಲ್ಕ ತೆಗೆದುಕೊಳ್ಳಬಾರದು ಎಂಬ ಷರತ್ತೂ ಜೊತೆಯಲ್ಲಿ ಬಂತು. ಇಂದಿಗೂ ತೆಗೆದುಕೊಳ್ಳುವುದಿಲ್ಲ. ಕೆಂಟಕಿಯ ಬೆರಿಯಾ ಕಾಲೇಜಿನ ಕಥೆ ಇನ್ನೊಂದು ಬಗೆಯದು. ಗುಲಾಮಗಿರಿಯ ವಿರೋಧಿಯಾಗಿದ್ದ ಜಾನ್ ಫೀ ಎಂಬ ಪಾದ್ರಿ 1855ರಲ್ಲಿ ಕಟ್ಟಿದ್ದು. ಅಂತರ್ಯುದ್ಧ ಮುಗಿದ ಮೇಲೆ ಕಪ್ಪು, ಬಿಳಿ ಮಕ್ಕಳು ಅಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದರು. ಅದನ್ನು ಸಹಿಸಲಾಗದೆ ಕೆಂಟಕಿ ಸರ್ಕಾರ 1904ರಲ್ಲಿ ಕಾನೂನು ತಂದು ಅವರನ್ನು ಬೇರೆ ಮಾಡಿತು. ಕಾಲೇಜು ಸುಪ್ರೀಂ ಕೋರ್ಟಿನವರೆಗೂ ಹೋಗಿ 1908ರಲ್ಲಿ ಸೋತಿತು. 1950ರಲ್ಲಿ ಕಾನೂನು ಸಡಿಲವಾದ ಮೇಲೆಯೇ ಮತ್ತೆ ಬಾಗಿಲು ತೆರೆದದ್ದು. ಅಲ್ಲಿ ಇಂದಿಗೂ ಬೋಧನಾ ಶುಲ್ಕವಿಲ್ಲ, ಪ್ರತಿ ವಿದ್ಯಾರ್ಥಿಯೂ ಕಾಲೇಜಿನಲ್ಲಿ ಏನಾದರೊಂದು ಕೆಲಸ ಮಾಡಬೇಕು. ಬದ್ಧತೆ ಎಂಬ ಪದವನ್ನು ಪತ್ರದಲ್ಲಿ ಓದುವುದಕ್ಕೂ ಲೆಕ್ಕದ ಪುಸ್ತಕದಲ್ಲಿ ಓದುವುದಕ್ಕೂ ಇರುವ ದೂರ ಅಂದು ನನ್ನಂಥ ಗುಮಾಸ್ತೆಗೆ ಚೆನ್ನಾಗಿ ಕಂಡಿತು.

2021ರ ವಸಂತದಲ್ಲಿ ಸಮೀಕ್ಷೆ ಮಾಡಿದೆವು. ‘ಈ ಕಾಲೇಜು ನನ್ನದು ಎಂದು ಅನಿಸುತ್ತದೆಯೇ’, ‘ತರಗತಿಯಲ್ಲಿ ನನ್ನ ಜನಾಂಗದ ಪರವಾಗಿ ಮಾತನಾಡು ಎಂದು ಯಾರಾದರೂ ಕೇಳಿದ್ದಾರೆಯೇ’, ಇಂಥ ಪ್ರಶ್ನೆಗಳು. ಉತ್ತರಗಳನ್ನು ಜನಾಂಗ, ವರ್ಷ, ವಿಭಾಗ ಎಂದು ವಿಂಗಡಿಸಿ ನಲವತ್ತು ಪುಟದ ವರದಿ ಸಿದ್ಧಪಡಿಸಿದೆ. ಬಿಳಿಯ ವಿದ್ಯಾರ್ಥಿಗಳ ಸಾಲಿನಲ್ಲಿ ಅಂಕಿಗಳು ತುಂಬಿ ತುಳುಕುತ್ತಿದ್ದವು. ಉಳಿದವರ ಸಾಲುಗಳಲ್ಲಿ ನಕ್ಷತ್ರಗಳು. ಪುಟ ತಿರುಗಿಸಿದಷ್ಟೂ ನಕ್ಷತ್ರಗಳು. ಅಂಕಿ ಉಳಿದ ಕಡೆಯಲ್ಲೂ ಅದು ಏನು ಹೇಳುತ್ತಿದೆ ಎಂಬುದು ಸ್ಪಷ್ಟವಿರಲಿಲ್ಲ. ‘ಕಪ್ಪು ವರ್ಣೀಯರು’ ಎಂಬ ಒಂದೇ ಸಾಲಿನಲ್ಲಿ ಶಿಕಾಗೋದಿಂದ ಬಂದ ಹುಡುಗನೂ ಇದ್ದ, ಮಿನಿಯಾಪೊಲಿಸ್‌ನ ಸೊಮಾಲಿ ಕುಟುಂಬದ ಹಿಜಾಬ್ ತೊಟ್ಟ ಹುಡುಗಿಯೂ ಇದ್ದಳು. ಒಬ್ಬನ ಅಜ್ಜನ ಅಜ್ಜ ಗುಲಾಮನಾಗಿದ್ದವನು. ಇನ್ನೊಬ್ಬಳ ಅಪ್ಪ ಅಮ್ಮ ಯುದ್ಧದಿಂದ ಓಡಿ ಬಂದವರು. ಅವಳಿಗೆ ಬೇಕಾಗಿದ್ದದ್ದು ಊಟದ ಮನೆಯಲ್ಲಿ ಹಲಾಲ್ ಊಟ, ಸಂಜೆ ನಮಾಜಿಗೆ ಒಂದು ಮೂಲೆ. ನನ್ನ ಕೋಷ್ಟಕ ಇಬ್ಬರನ್ನೂ ಕೂಡಿಸಿ ಸರಾಸರಿ ತೆಗೆದಿತ್ತು.

ಸಮಿತಿಯಲ್ಲಿದ್ದ ವಿದ್ಯಾರ್ಥಿನಿ ವರದಿಯನ್ನು ತಿರುವಿ ಹಾಕಿ, “ನಾನು ಇದರಲ್ಲಿ ಎಲ್ಲಿದ್ದೇನೆ?” ಎಂದಳು. ತೋರಿಸಿದೆ. ಭೌತಶಾಸ್ತ್ರ, ಮೂರನೆಯ ವರ್ಷ, ನಕ್ಷತ್ರ. “ಅಂದರೆ ನಾನು ಹೇಳಿದ್ದನ್ನು ಯಾರೂ ಓದುವಂತಿಲ್ಲ.” ಅದು ನಿನ್ನ ರಕ್ಷಣೆಗೆ ಎಂದೆ. “ಇರಬಹುದು. ಆದರೆ ನನ್ನ ಮುಖ ಪ್ರವೇಶಾತಿ ಕರಪತ್ರದ ರಕ್ಷಾಪುಟದಲ್ಲಿದೆ. ಅಲ್ಲಿ ಯಾಕೆ ನಕ್ಷತ್ರ ಹಾಕಲಿಲ್ಲ?”

ಇದಕ್ಕೆ ಉತ್ತರ ಕೊಡಲು ಬರಲಿಲ್ಲ. ಇಂದಿಗೂ ಬರುವುದಿಲ್ಲ.

ವರದಿಯನ್ನು ಬದಿಗಿಟ್ಟು ಕೇಳಿಸಿಕೊಳ್ಳೋಣ ಎಂದು ಆಯಿತು. ಮೂವರು ನಾಲ್ವರಂತೆ ಮಕ್ಕಳನ್ನು ಕೂಡಿಸಿ, ಕಾಫಿ ತರಿಸಿ, ಹೇಳಿದ್ದನ್ನು ಹೆಸರಿಲ್ಲದೆ ಬರೆದುಕೊಂಡೆವು. ಅಲ್ಲಿ ನನ್ನ ಹಳೆಯ ನಗುವಿನ ಬಾಕಿ ತೀರಿಸಬೇಕಾಯಿತು. ಒಬ್ಬ ಹುಡುಗ ನಾಲ್ಕು ತಿಂಗಳಿನಿಂದ ಕ್ಷೌರ ಮಾಡಿಸಿಕೊಂಡಿರಲಿಲ್ಲ. ಊರಿನ ಅಂಗಡಿಯಲ್ಲಿ, “ಈ ಬಗೆಯ ಕೂದಲು ನಮಗೆ ಅಭ್ಯಾಸವಿಲ್ಲ” ಎಂದು ನಯವಾಗಿ ಕಳುಹಿಸಿದ್ದರು. ಮಿನಿಯಾಪೊಲಿಸ್‌ಗೆ ಹೋಗಲು ಅವನಿಗೆ ಕಾರಿಲ್ಲ. ಕೆಲಸದ ಸಂದರ್ಶನದ ಹಿಂದಿನ ರಾತ್ರಿ ಗೆಳೆಯನ ಕೈಯಲ್ಲಿ ಸ್ನಾನದ ಮನೆಯಲ್ಲಿ ಕತ್ತರಿಸಿಕೊಂಡು, ಅಂಕುಡೊಂಕಾದ ತಲೆಯೊಂದಿಗೆ ಕ್ಯಾಮೆರಾ ಮುಂದೆ ಕುಳಿತಿದ್ದ. ಹೇಳುವಾಗ ಅವನು ನಗುತ್ತಿದ್ದ. ಬರೆದುಕೊಳ್ಳುತ್ತಿದ್ದ ನಾನು ನಗಲಿಲ್ಲ.

ಆ ಶರತ್ಕಾಲದಿಂದ ತಿಂಗಳಿಗೊಂದು ಶನಿವಾರ ಮಿನಿಯಾಪೊಲಿಸ್‌ನಿಂದ ಒಬ್ಬ ಕ್ಷೌರಿಕರು, ಜಡೆ ಹೆಣೆಯುವ ಒಬ್ಬ ಹೆಂಗಸು ಬರತೊಡಗಿದರು. ವಿದ್ಯಾರ್ಥಿ ಭವನದ ನೆಲಮಾಳಿಗೆಯಲ್ಲಿ ಎರಡು ಕುರ್ಚಿ, ಒಂದು ಕನ್ನಡಿ, ಒಂದು ಸ್ಪೀಕರ್. ಮೊದಲ ಶನಿವಾರ ನೋಡಲು ಹೋದೆ. ಹೊರಗೆ ಹಿಮ. ಒಳಗೆ ಸರದಿಗೆ ಕಾಯುವವರು ಹತ್ತು ಮಂದಿ, ಸುಮ್ಮನೆ ಹರಟಲು ಬಂದವರು ಇಪ್ಪತ್ತು ಮಂದಿ. ಕೂದಲಿಗೂ ತಮಗೂ ಸಂಬಂಧವಿಲ್ಲದ ಸೊಮಾಲಿ ಹುಡುಗಿಯರು ಮೂಲೆಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದರು. ಅಮೆರಿಕದ ಕಪ್ಪು ಜನರಿಗೆ ಕ್ಷೌರದಂಗಡಿ ಎಂದರೆ ಊರಿನ ಕಟ್ಟೆ ಇದ್ದಂತೆ. ರಾಜಕೀಯ, ಮದುವೆ, ಕ್ರೀಡೆ ಎಲ್ಲ ಅಲ್ಲಿಯೇ. ನಮ್ಮ ಹಳ್ಳಿಯಲ್ಲಿ ಸವಿತಾ ಸಮಾಜದ ಮುದುಕರೊಬ್ಬರು ನಮ್ಮ ಮನೆಯ ಹಿತ್ತಿಲ ಬಾಗಿಲಿಗೆ ಬಂದು ತಾತನಿಗೆ ಕ್ಷೌರ ಮಾಡಿ, ವರ್ಷಕ್ಕೊಮ್ಮೆ ಕಣದಲ್ಲಿ ಭತ್ತ ಅಳೆಸಿಕೊಂಡು ಹೋಗುತ್ತಿದ್ದುದು ನೆನಪಾಯಿತು. ಅವರು ಮುಂಬಾಗಿಲಿನಿಂದ ಬಂದದ್ದನ್ನು ನಾನು ನೋಡಿಲ್ಲ. ಇಲ್ಲಿನ ಕ್ಷೌರಿಕರು ಕಾಲೇಜಿನ ಅತಿಥಿ ಚೀಟಿ ಕುತ್ತಿಗೆಗೆ ಹಾಕಿಕೊಂಡು, ಅಧ್ಯಕ್ಷರ ಕೈ ಕುಲುಕಿ, ಕುರ್ಚಿಯ ಪಕ್ಕದಲ್ಲಿ ರಾಜನಂತೆ ನಿಂತಿದ್ದರು. ನಮ್ಮ ಸಮಿತಿ ಮಾಡಿದ ಕೆಲಸಗಳಲ್ಲಿ ಇದೇ ಅತಿ ಅಗ್ಗದ್ದು, ನನ್ನ ಪ್ರಕಾರ ಅತಿ ದೊಡ್ಡದ್ದು. ಹೊರಗಿನ ಸಲಹೆಗಾರರಿಗೆ ಕೊಟ್ಟ ಹಣದಲ್ಲಿ ಇದನ್ನು ಹಲವು ವರ್ಷ ನಡೆಸಬಹುದಿತ್ತು.

ಮನೆಯ ಬೇಡಿಕೆಯ ಮೇಲೆ ಜಗಳ ಜೋರಾಯಿತು. ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಪ್ರತ್ಯೇಕ ವಸತಿ ಎಂದರೆ ಹಳೆಯ ಬೇರ್ಪಡಿಕೆ ಹಿಂಬಾಗಿಲಿನಿಂದ ಬಂದಂತೆ ಎಂದು ಚರಿತ್ರೆಯ ಹಿರಿಯ ಪ್ರಾಧ್ಯಾಪಕರು ಹೇಳಿದರು. ಅವರು ಕೆಟ್ಟವರಲ್ಲ, ಯೌವನದಲ್ಲಿ ನಾಗರಿಕ ಹಕ್ಕುಗಳ ಮೆರವಣಿಗೆಯಲ್ಲಿ ನಡೆದವರು. ನನ್ನ ತಲೆ ಮೈಸೂರಿಗೆ ಓಡಿತು. ಅಲ್ಲಿ ಇಂದಿಗೂ ಜಾತಿಯ ಹೆಸರಿನ ಫಲಕ ಹೊತ್ತ ವಿದ್ಯಾರ್ಥಿನಿಲಯಗಳಿವೆ. ನನ್ನ ಅಪ್ಪ ಓದಿದ್ದು ಒಕ್ಕಲಿಗರ ಹಾಸ್ಟೆಲಿನಲ್ಲಿ ಇದ್ದುಕೊಂಡು. ನಾಲ್ವಡಿ ಕೃಷ್ಣರಾಜ ಒಡೆಯರ್ 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಸಿಗಬೇಕು ಎಂದು ಅದು ಶಿಫಾರಸು ಮಾಡಿದ್ದರಿಂದ ನಮ್ಮಂಥ ಮನೆಗಳ ಹುಡುಗರು ಪೇಟೆಗೆ ಓದಲು ಹೋಗುವ ಧೈರ್ಯ ಮಾಡಿದರು. ಹಾಸ್ಟೆಲ್ ಇಲ್ಲದಿದ್ದರೆ ಅಪ್ಪ ಮೆಟ್ರಿಕ್‌ಗೆ ನಿಲ್ಲುತ್ತಿದ್ದರು. ಆದರೆ ಅದೇ ಹಾಸ್ಟೆಲಿನಲ್ಲಿ ಅಪ್ಪ ಬೇರೆ ಜಾತಿಯ ಒಬ್ಬ ಗೆಳೆಯನನ್ನೂ ಸಂಪಾದಿಸಲಿಲ್ಲ ಎಂಬುದೂ ನಿಜ. ಇದನ್ನು ಸಭೆಯಲ್ಲಿ ಹೇಳಿದೆ. ಬಹಳ ಮಂದಿ ತಲೆದೂಗಿದರು, ಯಾರಿಗೂ ಏನೂ ಅರ್ಥವಾಗಲಿಲ್ಲ. ಕೊನೆಗೆ ಮನೆ ಕೊಟ್ಟರು, ಯಾರು ಬೇಕಾದರೂ ಅರ್ಜಿ ಹಾಕಬಹುದು ಎಂದು ಬರೆದರು.

ಆಮೇಲೆ 2023ರ ಜೂನ್ 29. ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಗಳ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಾತಿಯಲ್ಲಿ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದಿತು. ಊರಿನಿಂದ ಅಣ್ಣ ಫೋನ್ ಮಾಡಿ, “ಅಂತೂ ಅಲ್ಲಿ ಮೀಸಲಾತಿ ಹೋಯಿತಂತೆ” ಎಂದ. ಅಮೆರಿಕದಲ್ಲಿ ನಮ್ಮಂಥ ಮೀಸಲಾತಿ ಎಂದೂ ಗಟ್ಟಿಯಾಗಿ ನೆಲೆಯೂರಲಿಲ್ಲ. ಇಷ್ಟು ಸೀಟು ಇಂಥವರಿಗೆ ಎಂದು ತೆಗೆದಿಡುವುದನ್ನು 1978ರ ಬಕ್ಕಿ ಪ್ರಕರಣದಲ್ಲಿಯೇ ಕೋರ್ಟ್ ತಳ್ಳಿಹಾಕಿತ್ತು. ಉಳಿದಿದ್ದದ್ದು ಹಲವು ಅಂಶಗಳ ನಡುವೆ ಜನಾಂಗವೂ ಒಂದು ಎಂದು ನೋಡುವ ಅವಕಾಶ. ಈಗ ಹೋದದ್ದು ಅದು. ಅಣ್ಣನಿಗೆ ವಿವರಿಸಿದೆ. “ಎರಡೂ ಒಂದೇ ಅಲ್ಲವೇ?” ಎಂದ.

ಆ ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ನನ್ನ ಕಚೇರಿಯ ಬಾಗಿಲಲ್ಲಿ ಒಬ್ಬಳು ವಿದ್ಯಾರ್ಥಿನಿ ನಿಂತಿದ್ದಳು. “ಮೇಡಂ, ಒಳಗೆ ಬರಬಹುದೇ?” ಕನ್ನಡ! ಕಲಬುರಗಿ ಜಿಲ್ಲೆಯವಳು. ನವೋದಯ ಶಾಲೆಯಲ್ಲಿ ಓದಿ, ಪೂರ್ಣ ವಿದ್ಯಾರ್ಥಿವೇತನದ ಮೇಲೆ ಬಂದವಳು, ಮೂರನೆಯ ವರ್ಷದಲ್ಲಿದ್ದಳು. ಎರಡು ವರ್ಷ ಇದೇ ಆವರಣದಲ್ಲಿ ಓಡಾಡಿದ್ದಾಳೆ, ನಾನು ಕನ್ನಡದವಳೆಂದು ಮೊದಲ ವಾರವೇ ಅವಳಿಗೆ ಗೊತ್ತಾಗಿದೆ, ಬಂದಿಲ್ಲ. ಯಾಕೆಂದು ಕೇಳಿದೆ. “ಬಾಗಿಲ ಮೇಲೆ ನಿಮ್ಮ ಪೂರ್ತಿ ಹೆಸರಿದೆಯಲ್ಲ ಮೇಡಂ” ಎಂದಳು. ನನ್ನ ಹೆಸರಿನ ಕೊನೆಗೆ ಅಪ್ಪನ ಹೆಸರಿದೆ, ಅದರ ತುದಿಗೆ ‘ಗೌಡ’ ಇದೆ. ಹದಿನೈದು ವರ್ಷ ಆ ಫಲಕ ಅಲ್ಲಿತ್ತು. ಇಲ್ಲಿನವರು ಅದನ್ನು ಉಚ್ಚರಿಸಲು ಒದ್ದಾಡಿದ್ದರೇ ಹೊರತು, ಹಾಗೆ ಓದಿದವರು ಅವಳೊಬ್ಬಳೇ.

ಅವಳ ವಿಷಯ ಹೀಗೆ. ಭಾರತದ ವಿದ್ಯಾರ್ಥಿಗಳು ದೀಪಾವಳಿಗೆ ಒಟ್ಟಾಗಿ ಅಡುಗೆ ಮಾಡುತ್ತಾರೆ. ತಯಾರಿಯ ಸಭೆಯಲ್ಲಿ ಒಬ್ಬ ಹುಡುಗ ಕೋರ್ಟಿನ ತೀರ್ಪನ್ನು ಹೊಗಳುತ್ತ, ಇವಳ ಕಡೆ ತಿರುಗಿ, “ನೀನು ಇಲ್ಲಿಗೂ ಕೋಟಾದಲ್ಲಿಯೇ ಬಂದದ್ದೇ?” ಎಂದು ಕೇಳಿದ. ಎಲ್ಲರೂ ನಕ್ಕರು. ತನ್ನ ಜಾತಿ ಅವನಿಗೆ ಹೇಗೆ ಗೊತ್ತಾಯಿತೋ ಇವಳಿಗೆ ತಿಳಿಯದು. ಮೊದಲ ವರ್ಷ ಒಬ್ಬಳು ಗೋತ್ರ ಕೇಳಿದ್ದಳಂತೆ, ಇವಳು ಸುಮ್ಮನಿದ್ದಳಂತೆ. ದೂರು ಕೊಡಬೇಕೆಂದರೆ ಕಾಲೇಜಿನ ಕೈಪಿಡಿಯಲ್ಲಿ ಜನಾಂಗ, ಬಣ್ಣ, ಧರ್ಮ, ಲಿಂಗ ಎಲ್ಲವೂ ಇವೆ, ಜಾತಿ ಎಂಬ ಪದವಿಲ್ಲ. “ಒಂದು ಪದ ಸೇರಿಸಬೇಕು ಮೇಡಂ. ನೀವು ಸಮಿತಿಯಲ್ಲಿದ್ದೀರಿ.” ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ ಸೇರಿಸಿದೆ, ಮೇನ್ ರಾಜ್ಯದ, ನಮ್ಮಂಥದ್ದೇ ಚಿಕ್ಕ ಕೋಲ್ಬಿ ಕಾಲೇಜು 2021ರಲ್ಲಿ ಸೇರಿಸಿದೆ, ಸಿಯಾಟಲ್ ನಗರಸಭೆ 2023ರ ಫೆಬ್ರುವರಿಯಲ್ಲಿಯೇ ಕಾನೂನು ಮಾಡಿದೆ. ಎಲ್ಲವನ್ನೂ ಒಂದು ಹಾಳೆಯಲ್ಲಿ ನೀಟಾಗಿ ಬರೆದು ತಂದಿದ್ದಳು.

ನಾನು ಏನು ಹೇಳಿದೆ ಎಂಬುದನ್ನು ಇಲ್ಲಿ ಇದ್ದ ಹಾಗೆ ಬರೆಯಬೇಕು. ಮೊದಲು, ‘ಪೂರ್ವಜರ ಮೂಲ’ ಎಂಬ ಪದ ಕೈಪಿಡಿಯಲ್ಲಿ ಇದೆ, ಜಾತಿ ಅದರಲ್ಲಿ ಬಂದಂತೆಯೇ ಎಂದೆ. ಅದೇ ತಿಂಗಳು ಕ್ಯಾಲಿಫೋರ್ನಿಯಾದ ಗವರ್ನರ್ ಗ್ಯಾವಿನ್ ನ್ಯೂಸಮ್ ಜಾತಿ ತಾರತಮ್ಯದ ಮಸೂದೆಯನ್ನು ತಡೆಹಿಡಿದಾಗ ಕೊಟ್ಟ ಕಾರಣವೂ ಹೆಚ್ಚುಕಡಿಮೆ ಅದೇ: ಈಗಿರುವ ಕಾನೂನೇ ಸಾಕು. ಆಮೇಲೆ, ಅಧ್ಯಾಪಕರಿಗೆ ಇದು ಅರ್ಥವಾಗುವುದು ಕಷ್ಟ ಎಂದೆ. ಕೊನೆಗೆ ಹೇಳಿದೆ: “ಇದಕ್ಕೆ ದತ್ತಾಂಶ ಬೇಕಾಗುತ್ತದೆ. ಇಲ್ಲಿ ನಿನ್ನಂಥವರು ಎಷ್ಟು ಜನ? ಐದಕ್ಕಿಂತ ಕಡಿಮೆ.”

“ಒಬ್ಬಳೇ ಇರಬೇಕು ಮೇಡಂ” ಎಂದಳು. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಹೋದಳು.

ಅವಳು ವೀಸಾ ಮೇಲೆ ಬಂದವಳು. ನನ್ನ ಸರ್ಕಾರಿ ಕೋಷ್ಟಕದಲ್ಲಿ ಅವಳಿಗೆ ಜನಾಂಗವಿಲ್ಲ, ಕೈಪಿಡಿಯಲ್ಲಿ ಜಾತಿಯಿಲ್ಲ. ಡಕೋಟ ಹಿರಿಯರಿಗೆ ತೋರಿಸಿದ ನಕ್ಷತ್ರವನ್ನೇ ಅವಳಿಗೂ ತೋರಿಸಿದ್ದೆ. ಒಂದು ವಾರ ಆ ಹಾಳೆ ನನ್ನ ಮೇಜಿನ ಮೇಲೆಯೇ ಇತ್ತು. ದಿನವೂ ಅದರ ಮೇಲೆ ಬೇರೆ ಕಾಗದ ಇಡುತ್ತಿದ್ದೆ.

ಸಮಾಜಶಾಸ್ತ್ರದ ಪ್ರಾಧ್ಯಾಪಕರ ಬಳಿಗೆ ಹೋದದ್ದು ಧೈರ್ಯದಿಂದಲ್ಲ, ನಿದ್ದೆ ಬಾರದ್ದರಿಂದ. ಅವರಿಗೆ ಜಾತಿಯನ್ನು ವಿವರಿಸಬೇಕಾಗುತ್ತದೆ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಅವರು ಕಪಾಟಿನಿಂದ ಒಂದು ನಕಲು ಪ್ರತಿ ತೆಗೆದು ಮುಂದಿಟ್ಟರು. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಜನರ ಚಿಂತಕ ಡುಬೋಯ್ಸ್ ಅವರಿಗೆ ಬರೆದ ಪತ್ರ. ಕಪ್ಪು ಜನರು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಲಿದ್ದಾರೆಂದು ತಿಳಿದು, ಅಸ್ಪೃಶ್ಯರ ಪರವಾಗಿಯೂ ಹಾಗೆ ಮಾಡುವ ಯೋಚನೆಯಿಂದ ಅದರ ಪ್ರತಿ ಕೇಳಿ ಬರೆದದ್ದು. “ಇದನ್ನು ಮೂವತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ನೀವು ಯಾವಾಗ ಬರುತ್ತೀರೋ ಎಂದು ನೋಡುತ್ತಿದ್ದೆ” ಎಂದರು. 1923ರಲ್ಲಿ ಭಗತ್ ಸಿಂಗ್ ಥಿಂಡ್, ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯರಂತೆ ಪೌರತ್ವಕ್ಕೆ ಅರ್ಹ ಎಂದು ಇಲ್ಲಿನ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಸೋತದ್ದನ್ನೂ ಅವರೇ ಹೇಳಿದರು. ಹೇಳಿ, ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡಿದರು. ಅದು ಅವರ ದೊಡ್ಡತನ.

2024ರ ಮಾರ್ಚಿನಲ್ಲಿ ಪದ ಸೇರಿತು. ವಿರೋಧವಿರಲಿಲ್ಲವೆಂದಲ್ಲ. ಇಬ್ಬರು ಭಾರತೀಯ ಪೋಷಕರು ಉದ್ದನೆಯ ಪತ್ರ ಬರೆದರು. ಇದರಿಂದ ತಮ್ಮ ಮಕ್ಕಳನ್ನು ಅನುಮಾನದ ಕಣ್ಣಿನಿಂದ ನೋಡುವಂತಾಗುತ್ತದೆ ಎಂಬುದು ಅವರ ವಾದ. ಉತ್ತರದ ಕರಡನ್ನು ನನ್ನಿಂದಲೇ ಬರೆಸಿದರು. ಕೈಪಿಡಿಯ ಆ ಪುಟದಲ್ಲಿ ಜನಾಂಗ, ಬಣ್ಣ, ಪೂರ್ವಜರ ಮೂಲ ಎಂದಾದ ಮೇಲೆ, ಒಂದು ಅಲ್ಪವಿರಾಮ, ನಂತರ ಆ ಪದ. ಈವರೆಗೆ ಅದರಡಿ ಒಂದೂ ದೂರು ಬಂದಿಲ್ಲ. ದೂರಿಲ್ಲವೆಂದರೆ ತೊಂದರೆಯಿಲ್ಲ ಎಂದು ಓದಬಾರದೆಂಬುದನ್ನು ನನ್ನ ಕೆಲಸವೇ ಕಲಿಸಿದೆ.

2025ರಲ್ಲಿ ಗಾಳಿ ತಿರುಗಿತು. ಫೆಬ್ರುವರಿ 14ರಂದು ಕೇಂದ್ರ ಶಿಕ್ಷಣ ಇಲಾಖೆಯ ಪತ್ರ ಬಂತು: ಜನಾಂಗದ ಆಧಾರದ ಕಾರ್ಯಕ್ರಮಗಳನ್ನು ನಿಲ್ಲಿಸಲು ಹದಿನಾಲ್ಕು ದಿನ, ಇಲ್ಲವಾದರೆ ಕೇಂದ್ರದ ಹಣಕ್ಕೆ ಕುತ್ತು. ವಕೀಲರು ಬಂದರು. ನಮ್ಮ ಸಮಿತಿಯ ಹೆಸರಿನಲ್ಲಿದ್ದ ‘ಜನಾಂಗೀಯ ಸಮತೆ’ ಹೋಗಿ ‘ಆವರಣದ ಸಮುದಾಯ ಜೀವನ’ ಬಂತು. ಐದು ವರ್ಷದ ಕಡತಗಳ ಹೆಸರುಗಳನ್ನು ಒಂದು ಮಧ್ಯಾಹ್ನ ಕುಳಿತು ನಾನೇ ಬದಲಿಸಿದೆ. ವಿದ್ಯಾರ್ಥಿಗಳ ಆ ಮನೆಗೆ ಈಗ ಬೀದಿಯ ಹೆಸರು. ಕ್ಷೌರಿಕರು ಮಾತ್ರ ಬರುತ್ತಲೇ ಇದ್ದಾರೆ. ಆಯವ್ಯಯದಲ್ಲಿ ಅವರನ್ನು ಬಟ್ಟೆ ಒಗೆಯುವ ಯಂತ್ರಗಳ ಪಕ್ಕದಲ್ಲಿ, ‘ವಸತಿ ಸೌಲಭ್ಯ’ದಡಿ ಸೇರಿಸಿದ್ದೇನೆ. ಯಾರೂ ಕೇಳಿಲ್ಲ.

ಆ ಮೇ ತಿಂಗಳಲ್ಲಿ ಕಲಬುರಗಿಯ ಹುಡುಗಿ ಪದವಿ ಪಡೆದಳು. ಅಪ್ಪ ಅಮ್ಮನಿಗೆ ಬರಲಾಗಲಿಲ್ಲ. ಸಮಾರಂಭ ಮುಗಿದ ಮೇಲೆ ಊಟಕ್ಕೆ ಮನೆಗೆ ಕರೆದೆ. ಅವಳಿಗೆ ಜೋಳದ ರೊಟ್ಟಿ ಮಾಡಲು ಹೋಗಿ ನಾನು ಕೆಡಿಸಿದ್ದನ್ನು ನೋಡಲಾರದೆ, ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಬಡಿದಳು. ಊಟವಾದ ಮೇಲೆ ನನ್ನ ಊರಿನ ಫೋಟೋಗಳನ್ನು ತೋರಿಸಿದೆ. ಮನೆ, ತೋಟ, ಕೆರೆ, ದೇವಸ್ಥಾನ.

“ನಮ್ಮವರ ಕೇರಿ ಎಲ್ಲಿ ಬರುತ್ತದೆ ಮೇಡಂ?”

ಕೆರೆ ಏರಿಯ ಆಚೆ, ಫೋಟೋದ ಅಂಚಿನ ಹೊರಗೆ ಬೆರಳಿಟ್ಟೆ.

“ಎಷ್ಟು ಮನೆಗಳಿವೆ?”

ನನ್ನ ಬೆರಳು ಅಲ್ಲಿಯೇ ಇತ್ತು. ಅವಳು ಉತ್ತರಕ್ಕೆ ಕಾಯಲಿಲ್ಲ, ತಟ್ಟೆಗಳನ್ನು ಎತ್ತಿಕೊಂಡು ಸಿಂಕಿನ ಕಡೆ ಹೋದಳು. ರಾತ್ರಿ, ಅಲ್ಲಿ ಬೆಳಗಾಗುವ ಹೊತ್ತಿಗೆ, ಅಣ್ಣನಿಗೆ ಫೋನ್ ಮಾಡಿ ಕೇಳಿದೆ.

“ಇಪ್ಪತ್ತೋ ಮೂವತ್ತೋ ಇರಬೇಕು” ಎಂದ. “ಯಾಕೆ, ಅದೆಲ್ಲ ಈಗ?”